ಔಷಧಿ ಹಾಕಿದ ಮರ: ಚೂರುಗಳು ಬಚ್ಚಲ ಒಲೆಗೆ ಹೋಗುವ ಮನೆಗೆ ಯಾವುದು ಸರಿ?

ಹೋದ ತಿಂಗಳು ಮೂರು ಕಡೆಯಿಂದ ಹೆಚ್ಚುಕಡಿಮೆ ಒಂದೇ ಪ್ರಶ್ನೆ ಬಂತು. ತೀರ್ಥಹಳ್ಳಿ ಕಡೆಯವರೊಬ್ಬರು ಕೊಟ್ಟಿಗೆ ಕಟ್ಟಿಸುತ್ತಿದ್ದಾರೆ. ಹುಳು, ಗೆದ್ದಲು ಬೀಳದಂತೆ ಹಸಿರು ಔಷಧಿ ಹಾಕಿದ ನೀಲಗಿರಿ ಕಂಬ ತರಲೋ, ರೈಲು ಹಳಿಯ ಕೆಳಗೆ ಹಾಸುತ್ತಿದ್ದ ಹಳೇ ಮರದ ದಿಮ್ಮಿ, ಅಂದರೆ ರೈಲ್ವೆ ಸ್ಲೀಪರ್ ತರಲೋ ಎನ್ನುವ ಗೊಂದಲ. ಸುಳ್ಯದ ದಂಪತಿಗೆ ಹಂಚಿನ ಮಾಡಿನ ಪಕಾಸು (ಇಳಿಜಾರಿನ ತೊಲೆ), ರೀಪು (ಹಂಚು ಕೂರುವ ಪಟ್ಟಿ) ಬದಲಿಸಬೇಕು. ಬೆಂಗಳೂರಿನ ಹುಡುಗಿಯೊಬ್ಬಳಿಗೆ ಸರಕು ಹೊರುವ ಪ್ಯಾಲೆಟ್‌ನ ಮರದಲ್ಲಿ ಮಗುವಿಗೆ ಮಂಚ ಮಾಡುವ ಆಸೆ. ಮೂವರೂ ಮಾತು ಮುಗಿಸಿದ್ದು ಒಂದೇ ರೀತಿ. "ಕೆಮಿಕಲ್ ಹಾಕಿರ್ತಾರಲ್ವಾ, ಏನೂ ಆಗಲ್ಲ ತಾನೇ?"

ಯಾವ ಕೆಮಿಕಲ್, ಎಲ್ಲಿ ಇಡುತ್ತೀರಿ, ಅದರ ಮೇಲೆ ಏನು ಕೆಲಸ ಮಾಡುತ್ತೀರಿ ಎನ್ನುವುದು ತಿಳಿಯದೆ ಇದಕ್ಕೆ ಉತ್ತರ ಹೇಳಲು ಬರುವುದಿಲ್ಲ. ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೆಯುತ್ತಿದ್ದೇನೆ.

ಕೊಳ್ಳುವ ಮುಂಚೆ

ಮರ ಎಲ್ಲಿ ನಿಲ್ಲುತ್ತದೆ ಎನ್ನುವುದನ್ನು ಮೊದಲು ನೋಡಿ. ಮಣ್ಣಲ್ಲಿ ಹೂತಿರುತ್ತದೋ, ಮಳೆಗೆ ನೆನೆಯುತ್ತದೋ, ಮಾಡಿನಡಿ ಒಣಗಿರುತ್ತದೋ. ಮಣ್ಣಲ್ಲಿ ಹೂತ ಕಂಬಕ್ಕೆ ಗೆದ್ದಲು, ಬೂಸ್ಟು, ನೀರು ಮೂರೂ ಒಟ್ಟಿಗೆ ಬೀಳುತ್ತವೆ. ಒಳಗಿನ ಪಕಾಸಿಗೆ ಮರ ಕೊರೆದು ಪುಡಿ ಮಾಡುವ ಕುಟ್ಟೆ ಹುಳದ ಕಾಟವೇ ಜಾಸ್ತಿ. ಎರಡಕ್ಕೂ ಒಂದೇ ಔಷಧಿ ಬೇಕಿಲ್ಲ.

ಆಮೇಲೆ ಯಾರು ಮುಟ್ಟುತ್ತಾರೆ ನೋಡಿ. ಮಕ್ಕಳು ಕೈ ಬಾಯಿಗೆ ಹಾಕುತ್ತಾರೆ. ದನ ಕಂಬ ನೆಕ್ಕುತ್ತದೆ. ಅಡಿಕೆ ಒಣಗಿಸುವ ಅಟ್ಟ, ತರಕಾರಿ ಮಡಿಯ ಅಂಚು, ಜೇನು ಪೆಟ್ಟಿಗೆ ಇವೆಲ್ಲ ಹೊಟ್ಟೆಗೆ ಹೋಗುವ ವಸ್ತುವಿನ ಪಕ್ಕದಲ್ಲೇ ಇರುತ್ತವೆ.

ಮೂರನೆಯದನ್ನು ಯಾರೂ ಕೇಳುವುದಿಲ್ಲ. ಉಳಿದ ಚೂರು, ಹೊಟ್ಟು ಎಲ್ಲಿಗೆ ಹೋಗುತ್ತದೆ?

ಕೆಲವು ವರ್ಷದ ಹಿಂದೆ ನಮ್ಮ ಬೇಲಿಗೆ ಹಸಿರು ಕಂಬ ತರಿಸಿದ್ದೆ. ಎತ್ತರ ಸರಿಮಾಡಲು ತಲೆ ಕೊಯ್ದದ್ದಾಯಿತು. ಸಂಜೆ ಬಚ್ಚಲ ಕಡೆ ಹೋದರೆ ಹಂಡೆ ಒಲೆಯ ಬಾಯಲ್ಲಿ ಅದೇ ಕಂಬದ ಮೂರು ತುಂಡು. ಕೊಯ್ದ ಮುಖದ ನಡುವೆ ಕಂದು, ಸುತ್ತ ಒಂದು ಹಸಿರು ಬಳೆ. ಪುಣ್ಯಕ್ಕೆ ಇನ್ನೂ ಬೆಂಕಿ ಹಾಕಿರಲಿಲ್ಲ. "ಒಣಾ ಕಟ್ಟಿಗೆ, ಸುಮ್ನೆ ಬಿದ್ಕೊಂಡಿತ್ತಲ್ಲ ಮಗಾ," ಅಂದರು ಅಮ್ಮ.

ಅದು ಉರಿದಿದ್ದರೆ? ಆ ಔಷಧಿಯಲ್ಲಿ ಆರ್ಸೆನಿಕ್ ಇದೆ. ಸುಟ್ಟರೆ ಒಂದಷ್ಟು ಹೊಗೆಯಲ್ಲಿ ಹೋಗುತ್ತದೆ, ಉಳಿದದ್ದು ಬೂದಿಯಲ್ಲಿ ಇನ್ನೂ ಗಟ್ಟಿಯಾಗಿ ಕೂರುತ್ತದೆ. ನಮ್ಮ ಮನೆಯ ಬೂದಿ ಪಾತ್ರೆ ತಿಕ್ಕಲು ಹೋಗುತ್ತದೆ. ಬದನೆ ಗಿಡದ ಎಲೆ ಮೇಲೆ ಬೀಳುತ್ತದೆ. ಮಿಕ್ಕಿದ್ದು ಗೊಬ್ಬರ ಗುಂಡಿಗೆ. ಮರದ ಹೊಟ್ಟು ಕರುವಿನ ಕೆಳಗೆ, ಕೋಳಿ ಗೂಡಿಗೆ. ನಮ್ಮ ಹಳ್ಳಿಮನೆಗಳಲ್ಲಿ ಯಾವುದೂ ವ್ಯರ್ಥವಾಗುವುದಿಲ್ಲ. ಔಷಧಿ ಹಾಕಿದ ಮರದ ವಿಷಯದಲ್ಲಿ ಅದೇ ತೊಂದರೆ. ಹೊರದೇಶದ ಸೂಚನೆಗಳಲ್ಲಿ "ಕಸದ ವಾಹನಕ್ಕೆ ಕೊಡಿ" ಎಂದು ಬರೆದಿರುತ್ತದೆ. ನಮಗೆ ಕಸವೆಂದರೆ ಒಲೆ ಮತ್ತು ತೋಟ.

ದುಡ್ಡಿನ ಲೆಕ್ಕ ಇದೆಲ್ಲ ಆದ ಮೇಲೆ.

ಹಸಿರು ಕಂಬ: ಸಿಸಿಎ, ಸಿಸಿಬಿ

ಅಂಗಡಿಯಲ್ಲಿ "ಟ್ರೀಟೆಡ್" ಎಂದು ಮಾರುವ, ಸ್ವಲ್ಪ ಹಸಿರಿರುವ ಕಂಬಗಳು ಬಹಳಷ್ಟು ಇವೇ. ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಸೇರಿದ್ದು ಸಿಸಿಎ. ಇದು ನಮ್ಮ ದೇಶದಲ್ಲೇ ಹುಟ್ಟಿದ್ದು. 1933ರಲ್ಲಿ ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿ ಸೊಂಟಿ ಕಾಮೇಶಂ ಎನ್ನುವವರು ಮಾಡಿದ್ದು. ಆರ್ಸೆನಿಕ್‌ನ 'ಆಸ್', ತಾಮ್ರದ 'ಕು' ಸೇರಿಸಿ 'ಆಸ್ಕು' ಎಂದು ಹೆಸರಿಟ್ಟರು. ತಾಮ್ರ ಬೂಸ್ಟನ್ನು ತಡೆಯುತ್ತದೆ, ಆರ್ಸೆನಿಕ್ ಹುಳುವನ್ನು. ಕ್ರೋಮಿಯಂ ಇವೆರಡೂ ಮಳೆಗೆ ತೊಳೆದುಹೋಗದಂತೆ ಮರಕ್ಕೆ ಕಚ್ಚಿಸುತ್ತದೆ. ಮರವನ್ನು ಉಕ್ಕಿನ ದೊಡ್ಡ ಸಿಲಿಂಡರಿನಲ್ಲಿಟ್ಟು, ಗಾಳಿ ಎಳೆದು, ಒತ್ತಡದಲ್ಲಿ ದ್ರಾವಣ ನುಗ್ಗಿಸುತ್ತಾರೆ. ಮಣ್ಣಲ್ಲಿ ಹೂಳುವ ಕಂಬಕ್ಕೆ ಇದರಷ್ಟು ಬಾಳಿಕೆ ಬರುವ, ಕೈಗೆಟುಕುವ ಔಷಧಿ ಕಡಿಮೆ.

ಆದರೆ ವಿಷ ವಿಷವೇ. ಅಮೆರಿಕದಲ್ಲಿ 2003ರ ಕೊನೆಗೆ ಮನೆಬಳಕೆಯ ಮರಕ್ಕೆ ಸಿಸಿಎ ಹಾಕುವುದನ್ನು ನಿಲ್ಲಿಸಿದರು. ಅಲ್ಲಿರುವ ನಮ್ಮವರು ಹಳೇ ಮನೆ ಕೊಂಡು ಹಿತ್ತಿಲ ಡೆಕ್ (ಮರದ ಜಗಲಿ) ಕಿತ್ತುಹಾಕುವುದಿದ್ದರೆ, 2004ಕ್ಕಿಂತ ಹಿಂದಿನದಾದರೆ ಸಿಸಿಎ ಎಂದೇ ಎಣಿಸಿ ಕೆಲಸ ಮಾಡಬೇಕು. ಈಗ ಅಲ್ಲಿ ಸಿಗುವ ತಾಮ್ರದ ಹೊಸ ಔಷಧಿಗಳಲ್ಲಿ ಆರ್ಸೆನಿಕ್ ಇಲ್ಲ. ಆದರೆ ಅವು ಸಾದಾ ಮೊಳೆಯನ್ನು ಬೇಗ ತಿನ್ನುತ್ತವೆ. ದಪ್ಪ ಸತುವಿನ ಲೇಪದ್ದು ಅಥವಾ ಸ್ಟೇನ್‌ಲೆಸ್ ಮೊಳೆಯೇ ಬೇಕು.

ನಮ್ಮಲ್ಲಿ ಇನ್ನೊಂದು ಆಯ್ಕೆ ಇದೆ. ಆರ್ಸೆನಿಕ್ ಬದಲು ಬೋರಾನ್ ಹಾಕಿದ ಸಿಸಿಬಿ. ಬೋರಾನ್ ಮರಕ್ಕೆ ಅಷ್ಟು ಕಚ್ಚಿಕೊಳ್ಳುವುದಿಲ್ಲ. ಹಾಗಾಗಿ ನೆಲದೊಳಗೆ ಸಿಸಿಎಗಿಂತ ಬಾಳಿಕೆ ಸ್ವಲ್ಪ ಕಡಿಮೆ. ಮಕ್ಕಳು, ದನ ಓಡಾಡುವ ಕಡೆ ಆ ನಷ್ಟವನ್ನು ನಾನು ಒಪ್ಪಿಕೊಳ್ಳುತ್ತೇನೆ. ಇದರಲ್ಲೂ ಕ್ರೋಮಿಯಂ ಇದೆ, ಇದನ್ನೂ ಸುಡುವಂತಿಲ್ಲ. ಎರಡೂ ಹಸಿರೇ, ನೋಡಿ ಹೇಳಲಾಗದು. ಬಿಲ್ಲಿನಲ್ಲಿ ಔಷಧಿಯ ಹೆಸರು ಬರೆಸಿಕೊಳ್ಳಿ. "ಎಲ್ಲಾ ಒಂದೇ ಸಾರ್" ಎನ್ನುವ ಅಂಗಡಿಯವನ ಹತ್ತಿರ ಕೊಳ್ಳಬೇಡಿ.

ಕೊಳ್ಳುವಾಗ ಕಂಬ ಒದ್ದೆ ಇದ್ದರೆ, ಮೇಲೆ ಪುಡಿ ಕಟ್ಟಿದ್ದರೆ ಬಿಟ್ಟುಬಿಡಿ. ಔಷಧಿ ಮರಕ್ಕೆ ಕಚ್ಚಲು ಕೆಲವು ವಾರ ಬೇಕು. ಅಲ್ಲಿವರೆಗೆ ಕ್ರೋಮಿಯಂ ತೀರಾ ಕೆಟ್ಟ ರೂಪದಲ್ಲೇ ಇರುತ್ತದೆ. ಮಾಡಿನಡಿ ಮೂರು ವಾರವಾದರೂ ಕೂತ ಮಾಲನ್ನು ತನ್ನಿ.

ಇನ್ನೊಂದು ಸಂಗತಿ. ಮರದ ಕೆಚ್ಚು, ಅಂದರೆ ನಡುವಿನ ಗಟ್ಟಿ ಭಾಗ, ಔಷಧಿ ಕುಡಿಯುವುದಿಲ್ಲ, ಎಷ್ಟೇ ಒತ್ತಡ ಹಾಕಿದರೂ ಅಷ್ಟೇ. ಕುಡಿಯುವುದು ಹೊರಗಿನ ಬಿಳಿ ಭಾಗ. ಅದಕ್ಕೇ ಆ ಹಸಿರು ಬಳೆ. ದುಂಡು ಕಂಬ ತಂದು, ಚಂದ ಕಾಣಲಿ ಎಂದು ನಾಲ್ಕೂ ಕಡೆ ಕೊಯ್ದು ಚೌಕ ಮಾಡಿಸಿದರೆ ದುಡ್ಡು ಕೊಟ್ಟ ಔಷಧಿಯಷ್ಟೂ ಹೊಟ್ಟಾಗಿ ನೆಲಕ್ಕೆ ಬೀಳುತ್ತದೆ. ನಿಮ್ಮ ಮೂಗಿಗೂ ಹೋಗುತ್ತದೆ. ಕೊಯ್ಯಲೇಬೇಕಾದರೆ ಒಂದು ತುದಿ ಮಾತ್ರ. ಕೊಯ್ದ ತುದಿ ಮೇಲಿರಲಿ, ಕೊಯ್ಯದ ತುದಿ ಮಣ್ಣಿಗೆ.

ಬೋರಾಕ್ಸ್ ಮರ

ಮನೆಯೊಳಗಿನ ಕೆಲಸಕ್ಕೆ ನನ್ನ ಮೊದಲ ಆಯ್ಕೆ ಇದು. ಬೋರಿಕ್ ಆಸಿಡ್ ಮತ್ತು ಬೋರಾಕ್ಸ್, 1ಕ್ಕೆ 1.5 ಲೆಕ್ಕದಲ್ಲಿ. ನೂರು ಲೀಟರ್ ನೀರಿಗೆ 2 ಕಿಲೋ ಬೋರಿಕ್ ಆಸಿಡ್, 3 ಕಿಲೋ ಬೋರಾಕ್ಸ್ ಹಾಕಿದರೆ 5 ಶೇಕಡಾ ದ್ರಾವಣ. ಒಟ್ಟಿಗೆ ಹಾಕಿದರೆ ಎರಡೂ ಚೆನ್ನಾಗಿ ಕರಗುತ್ತವೆ. ಬಣ್ಣವಿಲ್ಲ, ವಾಸನೆಯಿಲ್ಲ, ಪಾಲಿಶ್‌ಗೆ ಅಡ್ಡಿಯಿಲ್ಲ. ದಕ್ಷಿಣ ಕನ್ನಡದಲ್ಲೂ ಕೇರಳದಲ್ಲೂ ರಬ್ಬರ್ ಮರ ಪೀಠೋಪಕರಣವಾಗಲು ಸಾಧ್ಯವಾಗಿರುವುದೇ ಇದರಿಂದ. ರಬ್ಬರ್ ಮರ ಕಡಿದ ಕೆಲವೇ ದಿನದಲ್ಲಿ ನೀಲಿ ಬೂಸ್ಟು ಬರುತ್ತದೆ, ಹಿಂದೆಯೇ ಕುಟ್ಟೆ ಬೀಳುತ್ತದೆ. ಕೊಯ್ದ ತಕ್ಷಣ ಔಷಧಿಗೆ ಹಾಕಬೇಕು. ಎಸ್ಟೇಟಿನ ಸಿಲ್ವರ್ ಮರಕ್ಕೂ ಇದು ಸಲ್ಲುತ್ತದೆ.

ಬೋರಾನ್ ಒದ್ದೆ ಮರದಲ್ಲಿ ತಾನಾಗಿ ಒಳಕ್ಕೆ ಹರಡುತ್ತದೆ. ಹಾಗಾಗಿ ಬಿದಿರು, ತೆಳು ರೀಪುಗಳನ್ನು ಮನೆಯಲ್ಲೇ ತೊಟ್ಟಿ ಮಾಡಿ ನೆನೆಸಬಹುದು. ಮರ ಹಸಿಯಿರಬೇಕು, ತೊಗಟೆ ತೆಗೆದಿರಬೇಕು. ಸೀಳಿದ ಬಿದಿರಿಗೆ ಒಂದು ವಾರ ಸಾಕು. ತೆಗೆದ ಮೇಲೆ ಎರಡು ವಾರ ತಾಡಪಾಲು ಹೊದಿಸಿ ಇಡಿ, ಆಮೇಲೆ ನೆರಳಲ್ಲಿ ಒಣಗಿಸಿ. ದಪ್ಪ ತೊಲೆಗೆ ಈ ಮನೆಮದ್ದು ಸಾಲದು, ಒತ್ತಡದ ಯಂತ್ರ ಇರುವಲ್ಲಿಗೇ ಕಳಿಸಬೇಕು.

ಕುಂದು ಒಂದೇ, ಆದರೆ ದೊಡ್ಡದು. ನೀರಲ್ಲಿ ಕರಗಿ ಒಳಗೆ ಹೋದದ್ದು ನೀರಲ್ಲೇ ಕರಗಿ ಹೊರಗೆ ಬರುತ್ತದೆ. ನಮ್ಮ ಒಂದು ಮಳೆಗಾಲ ಸಾಕು. ಬೇಲಿಗೆ, ನೆಲಕ್ಕೆ ತಾಗುವ ಕಂಬಕ್ಕೆ ಬೋರಾಕ್ಸ್ ಮರ ಹಾಕಿದರೆ ದುಡ್ಡು ಮಳೆನೀರಿಗೆ ಹಾಕಿದ ಹಾಗೆ. ಹಂಚು ಸೋರುವ ಮಾಡಿಗೂ ಇದೇ ಮಾತು.

ಸುರಕ್ಷತೆಯಲ್ಲಿ ಇದು ಆರ್ಸೆನಿಕ್‌ಗಿಂತ ಎಷ್ಟೋ ಮೇಲು. ಹಾಗಂತ ಉಪ್ಪಿನ ಹಾಗೆ ಸಲೀಸಾಗಿ ಕಾಣಬೇಡಿ. ಪುಡಿ ಕಲಸುವಾಗ ಮಾಸ್ಕ್, ಕೈಗವಸು ಬೇಕು. ಬಸುರಿಯರು ಆ ಕೆಲಸಕ್ಕೆ ಕೈ ಹಾಕುವುದು ಬೇಡ. ಉಳಿದ ದ್ರಾವಣವನ್ನು ತೋಟಕ್ಕೆ ಚೆಲ್ಲಬೇಡಿ. ತೆಂಗಿಗೆ ಬೋರಾನ್ ಕೊರತೆ ಅಂತ ಚೂರು ಬೋರಾಕ್ಸ್ ಹಾಕುವುದುಂಟು. ಆ ಚೂರು ಹಿಡಿಯಾದರೆ ಗಿಡದ ಎಲೆ ಅಂಚು ಸುಡುತ್ತದೆ. ತೊಟ್ಟಿಯ ನೀರನ್ನು ಮುಂದಿನ ಕಂತಿನ ಮರಕ್ಕೇ ಬಳಸಿ.

ಮರಕ್ಕೆ ನಿಜವಾಗಿ ಬೋರಾನ್ ಹೋಗಿದೆಯಾ ಎಂದು ಪರೀಕ್ಷಿಸಲು ಪ್ರಯೋಗಾಲಯದಲ್ಲೂ ಬಳಸುವುದು ನಮ್ಮ ಅರಿಶಿನವನ್ನೇ. ಅರಿಶಿನದ ದ್ರಾವಣವನ್ನೂ ಆಸಿಡ್ಡನ್ನೂ ಕೊಯ್ದ ಮುಖಕ್ಕೆ ಹಚ್ಚಿದರೆ ಬೋರಾನ್ ಇರುವ ಕಡೆ ಕೆಂಪಾಗುತ್ತದೆ, ಇಲ್ಲದ ಕಡೆ ಹಳದಿಯೇ ಉಳಿಯುತ್ತದೆ. ಅಂಗಡಿಯವರಿಗೆ ಆ ಪರೀಕ್ಷೆಯ ಬಗ್ಗೆ ಕೇಳಿನೋಡಿ. ಅವರ ಮುಖ ನೋಡಿದರೇ ಉತ್ತರ ಸಿಗುತ್ತದೆ.

ರೈಲ್ವೆ ಸ್ಲೀಪರ್

ಕಾಂಕ್ರೀಟ್ ಸ್ಲೀಪರ್ ಬಂದ ಮೇಲೆ ಹಳೇ ಮರದವು ಗುಜರಿಗೆ ಬಂದವು. ಬ್ರಾಡ್‌ಗೇಜಿನದ್ದು 275 ಸೆಂ.ಮೀ. ಉದ್ದ, 25 ಅಗಲ, 13 ದಪ್ಪ. ನೋಡಿದರೆ ಆಸೆಯಾಗುತ್ತದೆ. ಈಗ ಹೋಮ್‌ಸ್ಟೇಗಳಲ್ಲಿ ಅದರದ್ದೇ ಊಟದ ಮೇಜು ಮಾಡಿಸುವ ಹುಚ್ಚು ಬೇರೆ.

ಎಲ್ಲಾ ಸ್ಲೀಪರಿಗೂ ಔಷಧಿ ಹಾಕುತ್ತಿರಲಿಲ್ಲ. ಸಾಲ್‌ನಂಥ ಗಟ್ಟಿ ಮರವನ್ನು ಹಾಗೇ ಬಳಸುತ್ತಿದ್ದರು. ಹಿಮಾಲಯದ ಪೈನ್ ಜಾತಿಯ ಚೀಡ್‌ನಂಥ ಮೆದು ಮರಕ್ಕೆ ಕ್ರಿಯೋಸೋಟ್ ಹಾಕುತ್ತಿದ್ದರು. ಅದು ಕಲ್ಲಿದ್ದಲ ಟಾರಿನಿಂದ ತೆಗೆದ ಎಣ್ಣೆ. ಬಿಸಿಲಿಗಿಟ್ಟರೆ ಗೊತ್ತಾಗುತ್ತದೆ. ಟಾರಿನ ವಾಸನೆ ಬರುತ್ತದೆ, ಬಿರುಕಿನಿಂದ ಕರಿ ಅಂಟು ಜಿನುಗುತ್ತದೆ. ಎಷ್ಟೋ ವರ್ಷವಾದರೂ ಜಿನುಗುತ್ತದೆ. ಅದು ಮೈಗೆ ತಾಗಿ ಆಮೇಲೆ ಬಿಸಿಲು ಬಿದ್ದರೆ ಚರ್ಮ ಸುಟ್ಟ ಹಾಗೆ ಉರಿಯುತ್ತದೆ. ಕ್ಯಾನ್ಸರ್ ತರುವ ಸಾಧ್ಯತೆಯ ಪಟ್ಟಿಯಲ್ಲೂ ಇದೆ. ಮೇಲೆ ಪಾಲಿಶ್ ಹೊಡೆದರೆ ಆಯಿತು ಎನ್ನುವ ಮಾತು ಸುಳ್ಳು. ಪಾಲಿಶ್ಶೇ ಹಿಡಿಯುವುದಿಲ್ಲ.

ಕೊಯ್ಯುವುದೂ ಕಷ್ಟ. ಒಳಗೆ ಮುರಿದ ಮೊಳೆ, ಸಿಕ್ಕಿಕೊಂಡ ಜಲ್ಲಿ ಇರುತ್ತದೆ. ನನ್ನ ಒಂದು ಬ್ಲೇಡು ಹಾಗೇ ಹೋಯಿತು. ಟಾರ್ ವಾಸನೆ ಬರುವ ಸ್ಲೀಪರನ್ನು ಕೊಯ್ಯದೆ ಹೊರಗೆ, ಗುಡ್ಡದ ಮಣ್ಣು ತಡೆಯಲು ಅಡ್ಡ ಹಾಕಬಹುದು. ಬಾವಿಯಿಂದ ದೂರ ಇರಲಿ. ಮನೆಯೊಳಗೆ, ಊಟದ ಹತ್ತಿರ, ಕೊಟ್ಟಿಗೆಯಲ್ಲಿ ಬೇಡ. ಔಷಧಿ ಇಲ್ಲದ ಸಾಲ್ ಎಂದು ಖಾತ್ರಿಯಾದರೆ ಮಾತ್ರ ಬೇರೆ ಮಾತು.

ಕರಿ ಆಯಿಲ್, ಗೇರೆಣ್ಣೆ, ಗೆದ್ದಲು ಔಷಧಿ

ಗ್ಯಾರೇಜಿನಿಂದ ತಂದ ಸುಟ್ಟ ಇಂಜಿನ್ ಆಯಿಲ್ ಪುಕ್ಕಟೆ ಸಿಗುತ್ತದೆ. ಅಷ್ಟೇ ಅದರ ಗುಣ. ಮೇಲ್ಮೈ ಬಿಟ್ಟು ಒಳಗೆ ಇಳಿಯುವುದಿಲ್ಲ. ಲೋಹದ ಪುಡಿ, ಸುಟ್ಟ ಎಣ್ಣೆಯ ವಿಷ ಎಲ್ಲ ಅದರಲ್ಲಿವೆ. ಮಳೆಗೆ ಇಳಿದು ಮಣ್ಣು ಸೇರುತ್ತದೆ. ಬೇಡ.

ಗೇರು ಬೀಜದ ಸಿಪ್ಪೆಯಿಂದ ತೆಗೆದ ಗೇರೆಣ್ಣೆಯ ಕತೆ ಬೇರೆ. ಕರಾವಳಿಯಲ್ಲಿ ದೋಣಿಗೆ, ಪಕಾಸಿಗೆ ಹಚ್ಚುತ್ತಾ ಬಂದದ್ದು. ಒಣಗಿದ ಮೇಲೆ ಗಟ್ಟಿ ಪದರವಾಗುತ್ತದೆ, ಹುಳು ಹತ್ತಿರ ಬರುವುದು ಕಡಿಮೆ. ಆದರೆ ಹಸಿ ಎಣ್ಣೆ ಮೈ ಸುಡುತ್ತದೆ. ಮೊದಲ ಸಲ ಬರಿಗೈಯಲ್ಲಿ ಬ್ರಷ್ ಹಿಡಿದಿದ್ದೆ. ಹಿಡಿಯಿಂದ ಇಳಿದ ಎಣ್ಣೆ ಬೆರಳ ಸಂದಿಗೆ ಹೋಯಿತು. ಮಾರನೇ ದಿನ ಬೊಬ್ಬೆ, ವಾರ ಕಳೆದು ಸಿಪ್ಪೆ. ರಬ್ಬರ್ ಕೈಗವಸು, ತುಂಬು ತೋಳಿನ ಅಂಗಿ ಇಲ್ಲದೆ ಮುಟ್ಟಬೇಡಿ. ಪಕಾಸಿನ ಮೇಲ್ಪದರಕ್ಕೆ ಕಡಿಮೆ ಖರ್ಚಿನ ದಾರಿ ಇದು. ಹೂಳುವ ಕಂಬಕ್ಕೆ ಇದನ್ನೊಂದನ್ನೇ ನಂಬಬೇಡಿ.

ಗೆದ್ದಲಿಗೆಂದು ಕೀಟನಾಶಕದ ಅಂಗಡಿಯಿಂದ ತಂದ ಬಾಟಲಿಯನ್ನು ಮಂಚಕ್ಕೆ, ಕಪಾಟಿಗೆ ಬ್ರಷ್ ಹೊಡೆಯುವುದನ್ನು ನೋಡಿದ್ದೇನೆ. ಹೊಲಕ್ಕೂ ಮಣ್ಣಿಗೂ ಇರುವ ಔಷಧಿಯ ಪಕ್ಕ ರಾತ್ರಿಯೆಲ್ಲಾ ಮಲಗುವುದು ಯಾವ ಲೆಕ್ಕ?

ಪ್ಯಾಲೆಟ್

ಇಲ್ಲಿ ಕೆಲಸ ಸುಲಭ, ಮುದ್ರೆ ಓದಲು ಬಂದರೆ ಸಾಕು. ವಿದೇಶಕ್ಕೆ ಹೋಗಿಬರುವ ಪ್ಯಾಲೆಟ್‌ಗಳ ಬದಿಯಲ್ಲಿ ತೆನೆಯ ಚಿತ್ರ, 'ಐಪಿಪಿಸಿ' (ಸಸ್ಯ ಸಂರಕ್ಷಣೆಯ ಅಂತರರಾಷ್ಟ್ರೀಯ ಒಪ್ಪಂದ) ಅಕ್ಷರ, ದೇಶದ ಎರಡಕ್ಷರ ಇರುತ್ತವೆ. ಜೊತೆಗೆ ಇಂಗ್ಲಿಷಿನ 'ಎಚ್‌ಟಿ' ಇದ್ದರೆ ಮರದ ನಡುವಿನವರೆಗೂ 56 ಡಿಗ್ರಿಯಲ್ಲಿ 30 ನಿಮಿಷ ಕಾಯಿಸಿದ್ದು ಎಂದರ್ಥ. ಬರೀ ಬಿಸಿ, ಔಷಧಿ ಇಲ್ಲ. 'ಎಂಬಿ' ಇದ್ದರೆ ಮೀಥೈಲ್ ಬ್ರೋಮೈಡ್ ಎನ್ನುವ ವಿಷಾನಿಲ ಕೊಟ್ಟಿದ್ದು. ಅದನ್ನು ಬಿಡಿ.

ನನಗೆ ಹೆಚ್ಚು ಭಯ ಇರುವುದು ಆ ಅನಿಲದ್ದಲ್ಲ. ಪ್ಯಾಲೆಟ್ ಮೇಲೆ ಏನು ಚೆಲ್ಲಿತ್ತು ಎನ್ನುವುದರದ್ದು. ಕಲೆ, ಎಣ್ಣೆ, ವಾಸನೆ ಇದ್ದರೆ ಎಚ್‌ಟಿ ಆದರೂ ಬೇಡ. ಮತ್ತೆ, ಮರ ಕಾಯಿಸಿದರೆ ಆಗಿನ ಹುಳ ಮಾತ್ರ ಸಾಯುತ್ತದೆ. ನಾಳೆ ಬರುವ ಗೆದ್ದಲಿಗೆ ಅದು ಬರೀ ಊಟ.

ಔಷಧಿಯೇ ಬೇಡದ ದಾರಿ

ಸಾಗುವಾನಿ, ಹಲಸು, ಹೊನ್ನೆ. ಇವುಗಳ ಕೆಚ್ಚಿಗೆ ಔಷಧಿ ಬೇಡ. ಸಾಗುವಾನಿ ಎಲ್ಲಕ್ಕಿಂತ ದುಬಾರಿ. ಮನೆ ಹಿಂದಿನ ಹಲಸೇ ಇದ್ದರೆ ಕೊಯ್ಯಿಸುವ ಕೂಲಿಯಷ್ಟೇ. ಕಡಿಯುವ ಮುಂಚೆ ಅರಣ್ಯ ಇಲಾಖೆಯಲ್ಲಿ ವಿಚಾರಿಸಿ. ಸಾಮಿಲ್ಲಿನಲ್ಲಿ ಎದುರು ನಿಂತು ಬಿಳಿ ಭಾಗ ತೆಗೆಸಿ. ಹೊರಗಿನ ಬಿಳಿ ಉಳಿಸಿಕೊಂಡ ಸಾಗುವಾನಿ ದಾರಂದಕ್ಕೂ ಕುಟ್ಟೆ ಬೀಳುತ್ತದೆ. "ಸಾಗುವಾನಿಗೂ ಹುಳ ಬಿತ್ತು" ಎನ್ನುವವರ ದೂರು ಸಾಮಾನ್ಯವಾಗಿ ಇದೇ. ಮರ ಯಾವುದೆಂದೇ ಅನುಮಾನ ಇದ್ದರೆ ಬೆಂಗಳೂರಿನ ಮಲ್ಲೇಶ್ವರದಲ್ಲಿರುವ, ಮರದ ಬಗ್ಗೆ ಸಂಶೋಧನೆ ಮಾಡುವ ಸರಕಾರಿ ಐಡಬ್ಲ್ಯೂಎಸ್‌ಟಿ ಸಂಸ್ಥೆಯವರು ಚೂರು ನೋಡಿ ಗುರುತಿಸಿ ಕೊಡುತ್ತಾರೆ.

ಬೇಲಿಗಾದರೆ ಕಲ್ಲು ಕಂಬ ಇದೆ. ಕ್ವಾರಿ ಹತ್ತಿರ ಇದ್ದರೆ ಲಾಭ, ದೂರ ಇದ್ದರೆ ಲಾರಿ ಬಾಡಿಗೆಯೇ ಮುಳುಗಿಸುತ್ತದೆ. ಹಸಿರು ಗೊಬ್ಬರದ ಗಿಡ ಗ್ಲಿರಿಸಿಡಿಯಾದ ಗೂಟ ನೆಟ್ಟರೆ ಚಿಗುರುತ್ತದೆ, ಸೊಪ್ಪೂ ಸಿಗುತ್ತದೆ.

ಕೆಲಸ ಮಾಡುವಾಗ

ಎಲ್ಲಕ್ಕಿಂತ ಮೊದಲು ಇದನ್ನು ಮಾಡಿ. ಅಳತೆ ತೆಗೆದು, ಕೊಯ್ದು, ತೂತು ಕೊರೆದು, ಆಮೇಲೆ ಔಷಧಿಗೆ ಕಳಿಸಿ. ಆಗ ಹೊಟ್ಟು ಬರೀ ಹೊಟ್ಟು, ಒಲೆಗೂ ಹಾಕಬಹುದು, ಕರುವಿನ ಕೆಳಗೂ ಹರಡಬಹುದು. ಕೊಯ್ದ ಮುಖಕ್ಕೂ ಔಷಧಿ ಇಳಿದಿರುತ್ತದೆ. ಅರ್ಧ ಅಪಾಯ ಇಲ್ಲೇ ಮುಗಿಯುತ್ತದೆ.

ಆಗದಿದ್ದರೆ ಬಯಲಲ್ಲಿ, ಗಾಳಿಗೆ ಬೆನ್ನು ಕೊಟ್ಟು ಕೊಯ್ಯಿರಿ. ಕೆಳಗೆ ತಾಡಪಾಲು ಹಾಸಿ. ಕರವಸ್ತ್ರ ಕಟ್ಟಿದರೆ ಪ್ರಯೋಜನವಿಲ್ಲ, ಎನ್95 ಮಾಸ್ಕ್ ಬೇಕು. ಔಷಧಿ ಇಲ್ಲದ ಮರದ ಪುಡಿಯೂ ಮೂಗಿಗೆ ಒಳ್ಳೆಯದಲ್ಲ. ಕನ್ನಡಕ, ಕೈಗವಸು ಹಾಕಿ. ಹಸಿರು ಕಂಬಕ್ಕೆ ಪಾಲಿಶ್ ಪೇಪರ್ ಉಜ್ಜಲೇಬೇಡಿ. ಗರಗಸದ ಪುಡಿಗಿಂತ ಅದರದ್ದು ನುಣುಪು, ಎದೆಯೊಳಗೆ ಆಳಕ್ಕೆ ಇಳಿಯುತ್ತದೆ.

ನಮ್ಮ ಆಚಾರ್ರ ಕೈಯನ್ನೊಮ್ಮೆ ಗಮನಿಸಿ. ಬಾಯಲ್ಲಿ ನಾಲ್ಕು ಮೊಳೆ ಕಚ್ಚಿಕೊಂಡಿರುತ್ತಾರೆ. ಒಂದೊಂದೇ ತೆಗೆದು ಹೊಡೆಯುತ್ತಾ, ನಡುವೆ ಅದೇ ಕೈಯಲ್ಲಿ ಎಲೆಗೆ ಸುಣ್ಣ ಸವರಿ ಕವಳ ಹಾಕುತ್ತಾರೆ. ಬೆರಳ ತುದಿಯಲ್ಲಿದ್ದ ಹಸಿರು ಪುಡಿ ಸುಣ್ಣದ ಜೊತೆ ಒಳಗೆ ಹೋಯಿತು. ಉಪದೇಶ ಮಾಡಿದರೆ ಯಾರೂ ಕೇಳುವುದಿಲ್ಲ. ನಾನು ಕೆಲಸದ ಪಕ್ಕದಲ್ಲೇ ಒಂದು ಬಕೆಟ್ ನೀರು, ಸೋಪು ಇಡುತ್ತೇನೆ, ಮೊಳೆಗೆ ಸೊಂಟದ ಚೀಲ ಕೊಡುತ್ತೇನೆ, ಕವಳದ ಸಂಚಿಯನ್ನು ಜಗಲಿ ಮೇಲಿಡಲು ಹೇಳುತ್ತೇನೆ. ಎದ್ದು ಹೋಗುವಾಗ ಕೈ ತೊಳೆಯುತ್ತಾರೆ. ಆ ದಿನದ ಬಟ್ಟೆಯನ್ನು ಬೇರೆ ಒಗೆಯಿರಿ.

ಹಸಿರು ಮರದ ಹೊಟ್ಟನ್ನು ಚೀಲಕ್ಕೆ ತುಂಬಿ ಬಾಯಿ ಕಟ್ಟಿ. ಪೇಟೆಯಲ್ಲಾದರೆ ಬ್ಯಾಟರಿ, ಬಣ್ಣದ ಡಬ್ಬಿಯಂಥ ಅಪಾಯಕಾರಿ ಕಸದ ಜೊತೆ ಬೇರೆಯಾಗಿ ಕೊಡಿ. ಹಳ್ಳಿಯಲ್ಲಾದರೆ ಗೊಬ್ಬರಕ್ಕೂ ಒಲೆಗೂ ಸಿಗದ ಹಾಗೆ ಎತ್ತಿಟ್ಟು, ಪಂಚಾಯ್ತಿ ಕಸದ ಗಾಡಿಯವರಿಗೆ ಇದು ಏನೆಂದು ಹೇಳಿ ಕೊಡಿ. ತುಂಡುಗಳನ್ನು ಗೂಟ, ಆನಿಕೆ ಮಾಡಿ ಹೊರಗೇ ಬಳಸಿ.

ಆ ಮೂವರಿಗೆ

ತೀರ್ಥಹಳ್ಳಿಯವರಿಗೆ ಹೇಳಿದ್ದು: ದನ ಕಟ್ಟುವ ಸಾಲಿಗೆ ಕಲ್ಲು ಕಂಬ. ಖರ್ಚು ಹೆಚ್ಚಾಯಿತೆಂದರೆ ಸಿಸಿಬಿ ಕಂಬ ತಂದು ದನದ ಬಾಯಿ ಎಟುಕುವ ಎತ್ತರಕ್ಕೆ ತಗಡು ಸುತ್ತಿ. ಹೊರಗಿನ ಬೇಲಿಗೆ ಸಿಸಿಎ ನಡೆಯುತ್ತದೆ. ಸ್ಲೀಪರ್ ಬೇಡ.

ಸುಳ್ಯದವರಿಗೆ: ಪಕ್ಕದಲ್ಲೇ ರಬ್ಬರ್ ಮರ ಸಿಗುತ್ತದೆ, ಬೋರಾಕ್ಸ್ ಹಾಕಿದ್ದು ರೀಪಿಗೆ ಸರಿ. ಮೊದಲು ಹಂಚು ಸೋರುವುದನ್ನು ನಿಲ್ಲಿಸಿ. ಭಾರ ಹೊರುವ ಪಕಾಸಿಗೆ ಹಲಸಿನ ಕೆಚ್ಚು. ಸೂರಿನ ಹೊರಗೆ ಚಾಚಿದ ತುದಿಗೆ ಗೇರೆಣ್ಣೆ, ಕೈಗವಸು ಹಾಕಿಕೊಂಡು.

ಬೆಂಗಳೂರಿನ ಹುಡುಗಿಗೆ: ಮುದ್ರೆಯ ಫೋಟೋ ಕಳಿಸಮ್ಮಾ ಅಂದೆ. ಕಳಿಸಿದಳು. ಎರಡು ಎಚ್‌ಟಿ, ಒಂದಕ್ಕೆ ಮುದ್ರೆಯೇ ಇಲ್ಲ. ಮುದ್ರೆ ಇಲ್ಲದ್ದನ್ನು ಬಿಟ್ಟು ಉಳಿದೆರಡರಲ್ಲಿ ಮಂಚ ಆಗುತ್ತದೆ, ಸ್ವಲ್ಪ ಗಿಡ್ಡ.

ತೀರ್ಥಹಳ್ಳಿಯವರಿಗೆ ಇನ್ನೊಂದು ಕೆಲಸ ಹೇಳಿದ್ದೇನೆ. ಈ ಹಸಿರು ಕೆಲವು ವರ್ಷಕ್ಕೆ ಮಾಸಿ ಬೂದಿ ಬಣ್ಣವಾಗುತ್ತದೆ. ಆಮೇಲೆ ಕಿತ್ತರೆ ನೋಡಲು ಸಾದಾ ಒಣ ಕಟ್ಟಿಗೆಯೇ. ಅದಕ್ಕೇ ನೆಡುವಾಗಲೇ ಪ್ರತಿ ಕಂಬದ ತಲೆಗೆ ಹಳೇ ಪಾತ್ರೆಯ ಅಲ್ಯೂಮಿನಿಯಂ ಚೂರೊಂದನ್ನು ಹೊಡೆದು, ಮೊಳೆಯಲ್ಲಿ ಗೀಚಿ ಬರೆಯಿರಿ ಅಂದೆ: "ಔಷಧಿ ಇದೆ. ಒಲೆಗೆ ಹಾಕಬೇಡಿ."